ಗೊಣಗಿದ್ದೋ, ಉಸುರಿದ್ದೋ?

ನನ್ನ ದನಿ ಮೊದಲಿನಿಂದಲೂ ಸಣ್ಣದು. ಶಾಲೆಯಲ್ಲಿ ಹಾಜರಿ ಕೂಗುವಾಗ ನಾನು ಅಂದ "ಎಸ್ ಸಾರ್" ಮೇಷ್ಟ್ರ ತನಕ ತಲುಪದೆ, ಎದುರಿಗೇ ಕೂತಿದ್ದರೂ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಇಂಥವನಿಗೆ ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುವ ಕೆಲಸ ಸಿಕ್ಕಿತು. ಅದರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಮಾತಾಡಬೇಕಲ್ಲ! ಒಬ್ಬಳು ವಿಸ್ಪರ್ ಮಾಡುತ್ತಾಳೆ, ಒಬ್ಬ ಮರ್ಮರ್ ಮಾಡುತ್ತಾನೆ, ಅವರಪ್ಪ ಮಟರ್ ಮಾಡುತ್ತಾನೆ, ಮೂಲೆಯಲ್ಲಿ ಕೂತ ಮುದುಕ ಮಂಬಲ್ ಮಾಡುತ್ತಾನೆ. ಇಡೀ ಕಥೆಯಲ್ಲಿ ಗಂಟಲು ಬಿಟ್ಟು ಕೂಗಿದ್ದು ನಾಯಿ ಒಂದೇ.

ವಿಸ್ಪರ್‌ಗೆ ಪಿಸುಗುಟ್ಟು ಅಂತ ಹಾಕಿದೆ, ತಕರಾರಿಲ್ಲ. ಉಳಿದ ಮೂರಕ್ಕೂ ಕೈಗೆ ಸಿಕ್ಕಿದ್ದು ಗೊಣಗು. ಎಲ್ಲಾ ಸಣ್ಣ ದನಿಯ ಮಾತೇ ಅಲ್ವಾ, ಯಾರು ನೋಡ್ತಾರೆ ಅಂತ ಎಲ್ಲರನ್ನೂ ಸಾಲಾಗಿ ಗೊಣಗಿಸುತ್ತಾ ಹೋದೆ. ಕೊನೆಯಲ್ಲಿ ನಾಯಕಿ ನಾಯಕನ ಎದೆಗೆ ತಲೆಯಿಟ್ಟು ಮೊದಲ ಸಲ ಮನಸ್ಸಿನ ಮಾತು ಹೇಳುತ್ತಾಳೆ. ನನ್ನ ಅನುವಾದ ಹೀಗಿತ್ತು: "ನಿನ್ನನ್ನು ಪ್ರೀತಿಸುತ್ತೇನೆ ಎಂದು ಅವಳು ಗೊಣಗಿದಳು." ಸಂಪಾದಕಿ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ.

"ಏನ್ರೀ, ಇವರಿಗೆ ಮದುವೆಯಾಗಿ ಎಷ್ಟು ವರ್ಷ ಆಯ್ತು?"

ಅವರೇ ಅದನ್ನು "ಉಸುರಿದಳು" ಅಂತ ತಿದ್ದಿದರು. ಒಂದೇ ಪದಕ್ಕೆ ಅವಳ ಸಂಸಾರ ಸರಿಹೋಯಿತು. ನಾನು ನಾಚಿಕೆಯಿಂದ ನಿಘಂಟು ಹಿಡಿದು ಕೂತೆ.

ನೋಡಿದರೆ ಈ ಮೂರರ ನಡುವೆ ದನಿಯ ವ್ಯತ್ಯಾಸಕ್ಕಿಂತ ಮನಸ್ಸಿನ ವ್ಯತ್ಯಾಸವೇ ಜಾಸ್ತಿ. ಮರ್ಮರ್ ಮೆತ್ತಗಿನದು, ಸಾಮಾನ್ಯವಾಗಿ ಅದರಲ್ಲಿ ಸಿಟ್ಟಿಲ್ಲ. ಮಟರ್‌ನಲ್ಲಿ ಸಿಟ್ಟಿದೆ. ಎದುರಿನವರಿಗೆ ಕೇಳಿಸಬಾರದು, ಆದರೆ ಏನೋ ಅಂದ ಅಂತ ಗೊತ್ತಾಗಬೇಕು, ಆ ಜಾತಿಯದು. ಮಂಬಲ್ ಪಾಪ, ಅದರಲ್ಲಿ ಯಾವ ಭಾವವೂ ಬೇಕಿಲ್ಲ, ತುಟಿ ತೆರೆಯುವ ಸೋಮಾರಿತನ ಅಷ್ಟೇ. ಹಾಗಂತ ಬರೆದಿಟ್ಟುಕೊಂಡು ಪುಟ ತಿರುಗಿಸಿದರೆ, "ಒಂದು ಮರ್ಮರ್ ಕೂಡ ಇಲ್ಲದೆ ಒಪ್ಪಿಕೊಂಡ" ಅಂದರೆ ತಕರಾರು ತೆಗೆಯದೆ ಒಪ್ಪಿಕೊಂಡ ಅಂತ ಅರ್ಥವಂತೆ! ತಾನು ಹಾಕಿದ ಗೆರೆಯನ್ನು ತಾನೇ ಅಳಿಸದಿದ್ದರೆ ಇಂಗ್ಲಿಷಿಗೆ ನಿದ್ದೆ ಬರುವುದಿಲ್ಲ.

ಇನ್ನೊಂದು ಗಮನಿಸಿ. ಮೂರೂ ಶುರುವಾಗುವುದು ಮ ಅಕ್ಷರದಿಂದ. ಬಾಯಿ ಮುಚ್ಚದೆ ಮ ಅನ್ನಲಿಕ್ಕೇ ಆಗುವುದಿಲ್ಲ, ಬೇಕಾದರೆ ಈಗಲೇ ಅಂದು ನೋಡಿ. ಮ್ಯೂಟ್ ಕೂಡ ಮ, ನಮ್ಮ ಮೌನ ಕೂಡ ಮ, ಮೂಗನೂ ಮ. ಮಂಬಲ್‌ನಲ್ಲಿರುವ ಬ ಮಾತ್ರ ಮೊದಲು ಇರಲೇ ಇಲ್ಲವಂತೆ, ನಡುವೆ ಯಾವಾಗಲೋ ಬಂದು ಸೇರಿಕೊಂಡಿದ್ದು. ಬಾಯಲ್ಲಿ ಮುದ್ದೆಮಾಡಿ ಹೇಳಿ ಹೇಳಿ ಆ ಪದವೇ ಮುದ್ದೆಯಾಯಿತೇನೋ.

ಇಷ್ಟೆಲ್ಲ ಓದಿದರೂ, ತಕರಾರಿಲ್ಲ ಅಂದಿದ್ದ ಪಿಸುಮಾತೇ ಆಮೇಲೆ ಕೈಕೊಟ್ಟಿತು. ಆಫೀಸಿನಲ್ಲಿ ಒಂದು ದೊಡ್ಡ ಮೀಟಿಂಗ್. ನಾನು ನಿಂತು ಸ್ಲೈಡ್ ತೋರಿಸಿ ಮಾತಾಡಬೇಕು, ಲ್ಯಾಪ್‌ಟಾಪ್ ಪಕ್ಕದ ಸಹೋದ್ಯೋಗಿಯ ಕೈಯಲ್ಲಿ. ಅವನು ಆತುರದಲ್ಲಿ ಒಂದು ಸ್ಲೈಡ್ ಮುಂದೆ ಹೋಗಿಬಿಟ್ಟ. ನಾನು ಮುಖದಲ್ಲಿ ನಗು ಇಟ್ಟುಕೊಂಡೇ ಅವನ ಕಡೆ ಬಗ್ಗಿ "ಬ್ಯಾಕ್, ಬ್ಯಾಕ್" ಅಂತ ಪಿಸುಗುಟ್ಟಿದೆ. ಅವನು ನನ್ನ ಮುಖ ನೋಡಿದ. ನಾನು ಇನ್ನೂ ಸಣ್ಣಗೆ, ಇನ್ನೂ ಒತ್ತಿ, "ಬ್ಯಾಕ್!" ಅಂದೆ. ಅವನು ತಲೆಯಾಡಿಸಿ ಲ್ಯಾಪ್‌ಟಾಪ್ ಮುಚ್ಚಿ, ವೈರ್ ಕಿತ್ತು, ಸುತ್ತಿ, ಬ್ಯಾಗಿಗೆ ಹಾಕಿ ಜಿಪ್ ಎಳೆದ. ಅವನಿಗೆ ಕೇಳಿಸಿದ್ದು "ಪ್ಯಾಕ್". ಖಾಲಿ ಗೋಡೆಯ ಮುಂದೆ ನಿಂತು ನಾನು "ಪ್ರಶ್ನೆಗಳಿದ್ದರೆ ಕೇಳಬಹುದು" ಅಂದೆ. ಅದೂ ಯಾರಿಗೂ ಕೇಳಿಸಲಿಲ್ಲ.

ತಪ್ಪು ಅವನದಲ್ಲ, ಗಂಟಲಿನದು. ಬ ಮತ್ತು ಪ ಎರಡಕ್ಕೂ ತುಟಿಯ ಕೆಲಸ ಒಂದೇ. ಬ ಅನ್ನುವಾಗ ಗಂಟಲಿನ ತಂತುಗಳು ಅದುರುತ್ತವೆ, ಪ ಅನ್ನುವಾಗ ಅದುರುವುದಿಲ್ಲ. ಪಿಸುಗುಟ್ಟುವಾಗ ಆ ತಂತುಗಳಿಗೆ ರಜೆ, ಬರೀ ಗಾಳಿ ಹೊರಗೆ ಬರುತ್ತದೆ. ಹಾಗಾಗಿ ಬ ಬಹುಪಾಲು ಪ ಆಗುತ್ತದೆ, ಗ ಹೋಗಿ ಕ ಆಗುತ್ತದೆ. ಗುಡಿ ಅಂತ ಪಿಸುಗುಟ್ಟಿದರೆ ಕುಡಿ ಅಂತ ಕೇಳಿಸಬಹುದು, ಯೋಚನೆ ಮಾಡಿ. ಜೊತೆಗೆ ಮಾಮೂಲಿ ಮಾತು ಸುಮಾರು 60 ಡೆಸಿಬೆಲ್ ಇದ್ದರೆ ಪಿಸುಮಾತು 30ರ ಆಸುಪಾಸು. ಅರ್ಧ ಅಂದುಕೊಳ್ಳಬೇಡಿ. ಡೆಸಿಬೆಲ್ ಲೆಕ್ಕದಲ್ಲಿ 10 ಇಳಿದರೆ ಶಬ್ದದ ಶಕ್ತಿ ಹತ್ತರಲ್ಲಿ ಒಂದು ಪಾಲು, 30 ಇಳಿದರೆ ಸಾವಿರದಲ್ಲಿ ಒಂದು ಪಾಲು. ಆ ಒಂದು ಪಾಲಿನಲ್ಲಿ ಅವನು ಜಿಪ್ ಎಳೆಯುವ ತನಕ ಹೋದದ್ದೇ ದೊಡ್ಡದು.

ಇದಾದ ಕೆಲವೇ ದಿನಕ್ಕೆ ಮಾಮೂಲಿ ತಪಾಸಣೆಗೆ ಹೋಗಿದ್ದೆ. ಡಾಕ್ಟರ್ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಕಣ್ಣು ಮುಚ್ಚಿ, ಇನ್ನೊಂದು ಸಲ ಇಟ್ಟು, "ಸಣ್ಣ ಮರ್ಮರ್ ಇದೆ" ಅಂದರು. ಬೇರೆಯವರಾಗಿದ್ದರೆ ಹೆದರುತ್ತಿದ್ದರು. ನನ್ನ ತಲೆ ಅನುವಾದಕ್ಕೆ ಹೊರಟಿತು. ಗೊಣಗುತ್ತಿದೆಯೋ, ಉಸುರುತ್ತಿದೆಯೋ? ಹೃದಯದ ಲಬ್ ಡಬ್ ನಡುವೆ ರಕ್ತ ಸುಳಿಸುಳಿಯಾಗಿ ಹರಿದರೆ ಸುಯ್ ಅಂತ ಒಂದು ಸದ್ದು ಕೇಳುತ್ತದಂತೆ, ಅದೇ ಮರ್ಮರ್. ಸ್ಕ್ಯಾನ್ ಮಾಡಿ ನೋಡಿ, ಏನೂ ತೊಂದರೆಯಿಲ್ಲ, ಇದು ಇನ್ನೊಸೆಂಟ್ ಮರ್ಮರ್, ಔಷಧಿ ಬೇಡ ಅಂದರು. ಅಂದರೆ ಗೊಣಗುವುದಂತೂ ನಿಜ, ಆದರೆ ನಿರಪರಾಧಿ. ನನ್ನ ಇಡೀ ಸ್ವಭಾವವನ್ನು ಎರಡೇ ಪದದಲ್ಲಿ ಇಷ್ಟು ಚೆನ್ನಾಗಿ ಇದುವರೆಗೆ ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸಿದೆ. "ನೋಡು, ನನ್ನ ಹೃದಯ ಒಳಗೊಳಗೇ ಗೊಣಗುತ್ತಿದೆಯಂತೆ."

"ಅದೊಂದು ಬಾಕಿ ಇತ್ತು," ಅಂದಳು.

ಆ ರಾತ್ರಿ ಪುಸ್ತಕ ಹಿಡಿದು ಮಲಗಿದ್ದೆ. ದೀಪ ಆರಿಸಿ ಅಂತ ಅವಳು ಎರಡು ಸಲ ಹೇಳಿದಳು. ಮೂರನೇ ಸಲಕ್ಕೆ ಆರಿಸಿದೆ, ಜೊತೆಗೆ ಏನೋ ಅಂದೆ ಕೂಡ. ಏನಂದೆ ಅಂತ ಇಲ್ಲಿ ಬೇಡ.

ಕತ್ತಲಲ್ಲಿ ಪಕ್ಕದಿಂದ ದನಿ ಬಂತು. "ಏನ್ರೀ ಅದು ಗೊಣಗ್ತಾ ಇರೋದು?"

"ನಾನಲ್ಲ ಮಾರಾಯ್ತಿ, ಹೃದಯ."