ಪರ-ವಿರೋಧ: ಅಮೆರಿಕದಲ್ಲಿ ಶಿಕ್ಷೆಗೆ ಮೊದಲೇ ಆಸ್ತಿ ಮುಟ್ಟುಗೋಲು ಸರಿಯೇ?

ಪರ: ಕಾಯುತ್ತಾ ಕೂತರೆ ದುಡ್ಡು ಉಳಿಯುವುದಿಲ್ಲ

ನಮ್ಮಮ್ಮ ತುಮಕೂರಿನಲ್ಲಿ ಒಬ್ಬರ ಹತ್ತಿರ ಚೀಟಿ ಹಾಕುತ್ತಿದ್ದರು. ತಿಂಗಳಿಗೆ 500 ರೂಪಾಯಿ, ಅಕ್ಕನ ಮದುವೆಗೆ ಅಂತ. ಒಂದು ದಿನ ಚೀಟಿಯವರ ಮನೆಗೆ ಬೀಗ ಬಿತ್ತು. ಆತ ಸಿಕ್ಕಿದ್ದು ಎರಡು ವರ್ಷ ಬಿಟ್ಟು. ಅಷ್ಟರಲ್ಲಿ ಸೈಟು ಮಾರಿಯಾಗಿತ್ತು, ಮನೆ ಭಾವಮೈದನ ಹೆಸರಿಗೆ ಹೋಗಿತ್ತು. ಕೇಸು ನಡೆಯಿತು. ಅಮ್ಮನಿಗೆ ಒಂದು ರೂಪಾಯಿಯೂ ಬರಲಿಲ್ಲ. ಆ ಚೀಟಿ ಪುಸ್ತಕ ಈಗಲೂ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇದೆ.

ಅದಕ್ಕೇ ನಾನು ಅಮೆರಿಕದ ಸಿವಿಲ್ ಮುಟ್ಟುಗೋಲಿನ ಪರ. ಅಲ್ಲಿ ಕೇಸು ಹಾಕುವುದು ಮನುಷ್ಯನ ಮೇಲಲ್ಲ, ಆಸ್ತಿಯ ಮೇಲೆ. ಮನುಷ್ಯ ಓಡಿಹೋಗಲಿ, ಸತ್ತೇ ಹೋಗಲಿ, ಆಸ್ತಿ ತಪ್ಪಿಸಿಕೊಳ್ಳುವಂತಿಲ್ಲ. ಹೊಸಬರು ಹೂಡಿದ ದುಡ್ಡನ್ನೇ ಹಳಬರಿಗೆ ಲಾಭ ಅಂತ ಕೊಟ್ಟು ಮೋಸ ಮಾಡಿದ ಬರ್ನಿ ಮೇಡಾಫ್ ಹಗರಣವನ್ನೇ ನೋಡಿ. ಅದರಲ್ಲಿ ಹಣ ಹೂಡಿ ಭಾರಿ ಲಾಭ ತೆಗೆದಿದ್ದ ಜೆಫ್ರಿ ಪಿಕೋವರ್ 2009ರಲ್ಲಿ ತೀರಿಕೊಂಡರು. ಅವರ ಮೇಲೆ ಕ್ರಿಮಿನಲ್ ಕೇಸೇ ಇರಲಿಲ್ಲ. ಆದರೂ 2010ರಲ್ಲಿ ಅವರ ಆಸ್ತಿಯಿಂದ 720 ಕೋಟಿ ಡಾಲರ್ ಹೊರಬಂತು. ಅದರಲ್ಲಿ 220 ಕೋಟಿ ಇದೇ ಸಿವಿಲ್ ಮುಟ್ಟುಗೋಲಿನದು. ಅದು ಮೋಸ ಹೋದವರಿಗೆ ಹಂಚುವ ನಿಧಿಗೆ ಹೋಯಿತು.

ನಿರಪರಾಧಿಗಳ ಕಥೆ ಹೇಳಿ ಕಾನೂನೇ ಬೇಡ ಅನ್ನುತ್ತಾರೆ. ಅಂಥವರು ಕೋರ್ಟಿನಲ್ಲಿ ಲೆಕ್ಕ ತೋರಿಸಲಿ. ದುಡಿದ ದುಡ್ಡಿಗೆ ಲೆಕ್ಕ ಇದ್ದೇ ಇರುತ್ತದೆ ಅಲ್ವಾ? ಅಮ್ಮನ ಪುಸ್ತಕದಲ್ಲಿ ಪ್ರತಿ ತಿಂಗಳಿನ ಸಹಿ ಇದೆ.

ವಿರೋಧ: ತಪ್ಪು ಸಾಬೀತಾಗಲಿ, ಆಮೇಲೆ ಕಿತ್ತುಕೊಳ್ಳಲಿ

ವಿರೋಧದ ಕಡೆ ಬರೆಯಲು ನನಗೆ ಹೇಳಿದರು. ಮೇಡಾಫ್‌ನಂಥ ಹಗರಣಕ್ಕೆ ಇಂಥ ಕಾನೂನು ಬೇಕು ಅಂತ ನನಗೂ ಅನಿಸುತ್ತದೆ. ನನ್ನ ತಕರಾರು ಪೊಲೀಸರು ರಸ್ತೆಯಲ್ಲಿ ಹಿಡಿಯುವ ಕಾರು, ನಗದಿನ ಬಗ್ಗೆ.

ಇಂಡಿಯಾನಾದ ಟೈಸನ್ ಟಿಂಬ್ಸ್ ಸ್ವಲ್ಪ ಹೆರಾಯಿನ್ ಮಾರಿ ಸಿಕ್ಕಿಬಿದ್ದ. ಆ ತಪ್ಪಿಗೆ ದಂಡ ಹೆಚ್ಚೆಂದರೆ 10,000 ಡಾಲರ್. ಕಿತ್ತುಕೊಂಡಿದ್ದು ಸುಮಾರು 42,000 ಡಾಲರಿನ ಕಾರು, ಅಪ್ಪ ಸತ್ತಾಗ ಬಂದ ವಿಮೆ ಹಣದಲ್ಲಿ ಕೊಂಡಿದ್ದು. ಅತಿಯಾದ ದಂಡ ಹಾಕಬಾರದೆಂಬ ನಿಯಮ ರಾಜ್ಯಗಳಿಗೂ ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅವನಾದರೂ ತಪ್ಪು ಮಾಡಿದ್ದ. ಅಲಬಾಮಾದಲ್ಲಿ ಗಾಂಜಾ ಇಟ್ಟುಕೊಂಡ ಆರೋಪದಲ್ಲಿ ಸಿಕ್ಕಿಬಿದ್ದ ಮಗ ಓಡಿಸುತ್ತಿದ್ದ ಕಾರಣಕ್ಕೆ ತಾಯಿಯ ಕಾರು ಹೋಯಿತು. ಅದು ವಾಪಸ್ ಬರಲು ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಮುಟ್ಟುಗೋಲಿನ ವಿಚಾರಣೆಗೆ ಮೊದಲೇ ಇಂಥವರನ್ನು ಕರೆದು, ಅಲ್ಲಿಯವರೆಗೆ ಕಾರು ಪೊಲೀಸರ ಹತ್ತಿರವೇ ಇರಬೇಕೇ ಅಂತ ಪ್ರತ್ಯೇಕವಾಗಿ ವಿಚಾರಣೆ ಮಾಡಬೇಕಾಗಿಲ್ಲ ಎಂದು 2024ರಲ್ಲಿ ಅದೇ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಇನ್ನು ದುಡ್ಡು ಎಲ್ಲಿಗೆ ಹೋಗುತ್ತದೆ? ಕೇಂದ್ರದ ಜೊತೆ ಸೇರಿ ಹಿಡಿದರೆ 80% ವರೆಗೂ ಸ್ಥಳೀಯ ಪೊಲೀಸರಿಗೇ ಸಿಗುತ್ತದೆ. ನ್ಯೂ ಮೆಕ್ಸಿಕೋ 2015ರಲ್ಲೇ ಈ ಪದ್ಧತಿ ಬಿಟ್ಟಿತು. ಅಲ್ಲಿ ಮೊದಲು ಶಿಕ್ಷೆ, ಆಮೇಲೆ ಮುಟ್ಟುಗೋಲು. ಬಂದ ಹಣ ಠಾಣೆಗಲ್ಲ, ರಾಜ್ಯದ ಖಜಾನೆಗೆ.