ಪಾತಾಳಗಂಗೆಗೆ ತಂಬಿಗೆ ಹಿಡಿದು ಹೊರಟವರಿಗೆ

ಮಾಟುಂಗ, ಗೋರೆಗಾಂವ್, ಡೊಂಬಿವಲಿಯ ನಮ್ಮ ಮುಂಬಯಿ ಕನ್ನಡಿಗರು ರಾಯರ ದರ್ಶನಕ್ಕೆ ಮಂತ್ರಾಲಯಕ್ಕೆ ಹೊರಟರೆ ಗುಂಪಿನಲ್ಲಿ ಒಬ್ಬ ಉತ್ಸಾಹಿ ಇದ್ದೇ ಇರುತ್ತಾನೆ. "ಹೇಗೂ ಅಷ್ಟು ದೂರ ಹೋಗ್ತೀವಲ್ಲ, ಬೇಲಂ ಗುಹೇನೂ ನೋಡ್ಕೊಂಡು ಬಂದ್ಬಿಡೋಣ." ಬೇಲಂ ಎಂದರೆ ಆಂಧ್ರದ ನೆಲದಡಿಯ ಸುಣ್ಣಕಲ್ಲಿನ ಗುಹೆ. ಮೊಬೈಲ್ ನಕಾಶೆಯಲ್ಲಿ ಮಂತ್ರಾಲಯಕ್ಕೂ ಅದಕ್ಕೂ ಬೆರಳಗಲದ ಅಂತರ. ಅದೇ ಮುಂಬಯಿ-ಚೆನ್ನೈ ರೈಲು ಲೈನಿನಲ್ಲಿ ಆದೋನಿ, ಗುಂತಕಲ್, ಗುತ್ತಿ ದಾಟಿ ತಾಡಪತ್ರಿಯಲ್ಲಿ ಇಳಿದು ಮತ್ತೆ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಹೋಗಬೇಕು ಎಂಬುದು ಆಮೇಲೆ ತಿಳಿಯುತ್ತದೆ. ಎಲ್ಲ ರೈಲೂ ತಾಡಪತ್ರಿಯಲ್ಲಿ ನಿಲ್ಲುವುದಿಲ್ಲ ಎಂಬುದು ತಿಳಿಯುವುದು ತಾಡಪತ್ರಿ ಕಿಟಕಿಯಾಚೆ ಓಡಿಹೋದ ಮೇಲೆ.

ಮುಂಬಯಿಯವರಿಗೆ ಗುಹೆ ಎಂದರೆ ಘಾರಾಪುರಿ (ಎಲಿಫೆಂಟಾ), ಕಾನ್ಹೇರಿ. ಬಸಾಲ್ಟ್ ಬಂಡೆಯನ್ನು ಮನುಷ್ಯರು ಮನುಷ್ಯರಿಗಾಗಿ ಕಡಿದದ್ದು. ಕಂಬ, ಜಗಲಿ, ಧಾರಾಳ ಗಾಳಿ, ಹೊರಗೆ ಚಿಪ್ಸ್ ಪೊಟ್ಟಣ ಕಸಿಯುವ ಕೋತಿ. ಬೇಲಂ ಹಾಗಲ್ಲ, ಅದನ್ನು ಕೊರೆದದ್ದು ನೀರು. ಮಣ್ಣಿನಲ್ಲಿ ಇಂಗುವಾಗ ಮಳೆನೀರು ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲೀಯವಾಗುತ್ತದೆ, ಬಿರುಕು ಹಿಡಿದು ಇಳಿಯುತ್ತ ಸುಣ್ಣಕಲ್ಲನ್ನು ಕರಗಿಸುತ್ತದೆ. ಹೀಗೆ ಆದ ಸುರಂಗ 3,229 ಮೀಟರ್ ಉದ್ದ. ನಮಗೆ ತೆರೆದಿರುವುದು ಅದರಲ್ಲಿ ಸುಮಾರು ಅರ್ಧ. 1884ರಲ್ಲಿ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದರ ಬಗ್ಗೆ ಬರೆದಿಟ್ಟ. ಕೂಲಂಕಷವಾಗಿ ಅಳೆಯಲು ಮಾತ್ರ ಜರ್ಮನಿಯ ಗುಹಾನ್ವೇಷಕರೇ ಬರಬೇಕಾಯಿತು, 1982ರ ಸುಮಾರಿಗೆ.

ಮೊದಲ ಮೋಸ ಶಾಲಿನದು. ನೆಲದಡಿ ತಂಪಿರುತ್ತದೆಂದು ಹಿರಿಯರಿಗೆಲ್ಲ ಸ್ವೆಟರ್, ಮಂಕಿಕ್ಯಾಪ್ ಕಟ್ಟಿರುತ್ತಾರೆ. ಗುಹೆಯ ಬಂಡೆ ಮೇಲಿನ ಊರಿನ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ಇರುತ್ತದೆ. ಮೇಲಿರುವುದು ಸುಡುಬಿಸಿಲಿನ ರಾಯಲಸೀಮೆ! ಜೊತೆಗೆ ಗಾಳಿಯಲ್ಲಿ ತೇವ ತುಂಬಿ ಬೆವರು ಆರುವುದಿಲ್ಲ. ಎಂಟೂವರೆಯ ಫಾಸ್ಟ್ ಲೋಕಲ್ಲಿನ ನಡುಮಧ್ಯೆ ನಿಂತಂತೆ, ಸೀಟಿನ ಆಸೆಯೊಂದಿಲ್ಲ. ಅಲ್ಲಲ್ಲಿ ಹೊರಗಿನ ಗಾಳಿ ಊದುವ ಕೊಳವೆಗಳಿವೆ. ಅವುಗಳ ಬಾಯಿಗೆ ಬೆನ್ನು ಕೊಟ್ಟು ನಿಂತವರನ್ನು ಕದಲಿಸುವುದು ಗೈಡಿಗೂ ಕಷ್ಟ. ತೆಳು ಹತ್ತಿಬಟ್ಟೆ, ಒಬ್ಬೊಬ್ಬರಿಗೆ ಕುಡಿಯಲು ಒಂದು ಲೀಟರ್ ನೀರು ಸಾಕು. ಉಸಿರಾಟದ ತೊಂದರೆ ಇದ್ದವರು ಮೇಲೆಯೇ ಕೂತು ಚಪ್ಪಲಿ ಕಾಯಲಿ.

ಕನ್ನಡಕದವರ ಪಾಡು ಬೇರೆ. ಎಸಿ ಗಾಡಿಯಿಂದ ನೇರ ಇಳಿದರೆ ತಣ್ಣನೆಯ ಗಾಜಿನ ಮೇಲೆ ತೇವ ಹನಿಗಟ್ಟಿ ಕಣ್ಣಿಗೆ ಪರದೆ ಎಳೆಯುತ್ತದೆ. ಸೀರೆ ಸೆರಗಿನಿಂದ ಒರೆಸಿದರೆ ಮೈಯ ಜಿಡ್ಡು ಮೆತ್ತಿ ಇನ್ನಷ್ಟು ಮಸುಕು. ಗಾಜು ಬಿಸಿಯಾದರೆ ಮಂಜು ತಾನೇ ಹೋಗುತ್ತದೆ, ಆದ್ದರಿಂದ ಕೊನೆಯ ಕಾಲು ಗಂಟೆ ಎಸಿ ಆರಿಸಿ. ಕ್ಯಾಮೆರಾಕ್ಕೂ ಇದೇ ಪಥ್ಯ, ಚೀಲ ಮುಚ್ಚಿಯೇ ಇರಲಿ. ಫ್ಲ್ಯಾಷ್ ಹಾಕಬೇಡಿ: ಕಪ್ಪು ಕಲ್ಲು ಬೆಳಕನ್ನು ನುಂಗಿ, ಫೋಟೋದಲ್ಲಿ ಉಳಿಯುವುದು ಎದುರಿಗಿದ್ದವರ ಹೊಳೆಯುವ ಹಣೆ ಮಾತ್ರ. ಗಾಳಿಯ ತೇವದ ಕಣಗಳು ಬಿಳಿ ಚುಕ್ಕೆಗಳಾಗಿ ಮೂಡುತ್ತವೆ. ಫ್ಯಾಮಿಲಿ ಗ್ರೂಪಿನಲ್ಲಿ ಅವಕ್ಕೆ ದಿವ್ಯಜ್ಯೋತಿ ಎಂದು ಹೆಸರಾಗಿ ನಲವತ್ತು ಕೈಮುಗಿತ ಬೀಳುತ್ತವೆ.

ತಗ್ಗು ಚಾವಣಿಯಲ್ಲಿ ತಲೆ ಒಡೆಯುವುದು ಎತ್ತರದವರದಲ್ಲ. ಅವರು ಹುಟ್ಟಿನಿಂದ ಬಗ್ಗಿ ರೂಢಿಯಾದವರು. ಸಾಧಾರಣ ಎತ್ತರದವರು ಬಗ್ಗುತ್ತಾರೆ, ಆದರೆ ಎರಡು ಹೆಜ್ಜೆ ಮೊದಲೇ ಎದ್ದುಬಿಡುತ್ತಾರೆ. ಕಟ್ಟಿ ತಂದ ಮಂಕಿಕ್ಯಾಪ್ ಇಲ್ಲಿ ನೆತ್ತಿಗೆ ಮಡಿಸಿಟ್ಟುಕೊಳ್ಳಲು ಬಂತು ಅನ್ನಿ. ಸವೆದ ಹವಾಯಿ ಚಪ್ಪಲಿಗೂ ಒದ್ದೆ ಕಲ್ಲಿಗೂ ಆಗಿಬರುವುದಿಲ್ಲ, ಹಲ್ಲಿರುವ ಅಡಿಯ ಬೂಟೇ ಬೇಕು.

ಕೊನೆಗೆ ಪಾತಾಳಗಂಗೆ, ಬಾಗಿಲ ಮಟ್ಟದಿಂದ 46 ಮೀಟರ್ ಆಳ. ತಂಬಿಗೆ ತಂದವರು, ಮುಳುಗು ಹಾಕಲು ಪಂಚೆ ತಂದವರು ಎಲ್ಲರೂ ಇಣುಕಿ ಕೇಳುವುದು ಒಂದೇ: "ಇಷ್ಟೇನಾ?" ಇಷ್ಟೇ. ವರ್ಷವಿಡೀ ಬತ್ತದ ಪುಟ್ಟ ತೊರೆ, ಕಣ್ಣೆದುರೇ ನೆಲದೊಳಗೆ ನುಸುಳಿ ಮಾಯ. ಎರಡು ಕಿ.ಮೀ. ಆಚೆಯ ಬೇಲಂ ಹಳ್ಳಿಯ ಬಾವಿಯತ್ತ ಹೋಗುತ್ತದೆಂದು ನಂಬಿಕೆ. ನೀರೇ ಮಾಡಿದ ಇಡೀ ಗುಹೆಯನ್ನು ನಡೆದು ಮುಗಿಸಿ ನೀರು ಸಾಲದೆಂದು ದೂರುವವರ ಹತ್ತಿರ ವಾದ ಬೇಡ. ಅವರಿಗೆ ಇನ್ನೂ ಮೆಟ್ಟಿಲು ಹತ್ತುವುದಿದೆ.

ಒದ್ದೆ ಸಾಕ್ಸಿಗೆ ಬೇರೆ ಚೀಲ ಒಯ್ಯಿರಿ, ಬಾಯಿ ಬಿಗಿಯಾಗಿ ಕಟ್ಟಿ. ರಾತ್ರಿ ರೈಲಿನಲ್ಲಿ ಕೆಳಬರ್ತಿನಡಿ ಎಲ್ಲ ಒಟ್ಟಿಗೆ ತುರುಕಿದರೆ ಕಲ್ಯಾಣ ಬರುವಷ್ಟರಲ್ಲಿ ಮಂತ್ರಾಲಯದ ಪರಿಮಳ ಪ್ರಸಾದಕ್ಕೆ ಬೇರೆಯೇ ಪರಿಮಳ ಹತ್ತಿರುತ್ತದೆ.