ಅಲ್ಲಾಡಿದರೆ ಐದು ಗಜ

ಸಿಯಾಟಲ್‌ನಲ್ಲಿ ನಮ್ಮೂರ ಅಮೆರಿಕನ್ ಫುಟ್‌ಬಾಲ್ ತಂಡ ಸೀಹಾಕ್ಸ್‌ನ ಮ್ಯಾಚ್ ಇರುವ ಭಾನುವಾರ ನಮ್ಮ ಯಜಮಾನರನ್ನು ಯಾರೂ ಮಾತಾಡಿಸುವ ಹಾಗಿಲ್ಲ. ಹಾಸನದಿಂದ ಬಂದಿದ್ದ ಮಾವನವರಿಗೆ ಇದು ಗೊತ್ತಿರಲಿಲ್ಲ.

"ಅಲ್ವೋ, ಆಟಾನೇ ಶುರು ಆಗಿಲ್ಲ, ಆಗ್ಲೇ ಸೀಟಿ ಊದಿದ್ನಲ್ಲ?"

"ಫಾಲ್ಸ್ ಸ್ಟಾರ್ಟ್ ಅಣ್ಣ. ಆ ದಪ್ಪಗಿರೋನು ಅಲ್ಲಾಡಿಬಿಟ್ಟ."

ಇವರು ವಿವರಿಸಿದ್ದು ಇಷ್ಟು. ನಡುವಿನ ಆಟಗಾರ ಕಾಲಸಂದಿಯಿಂದ ಚೆಂಡನ್ನು ಹಿಂದಕ್ಕೆ ಕೊಡುವುದೇ ಸ್ನ್ಯಾಪ್. ಅದಕ್ಕೂ ಮುಂಚೆ ಚೆಂಡು ಕೈಲಿರುವ ತಂಡದ ಹನ್ನೊಂದೂ ಜನ ಪೂರ್ತಿ ಒಂದು ಸೆಕೆಂಡು ಅಲುಗದೆ ನಿಲ್ಲಬೇಕು. ಆಮೇಲೆ ಒಬ್ಬನಿಗೆ ಮಾತ್ರ ಓಡಾಡುವ ಭಾಗ್ಯ. ಅದೂ ಸ್ನ್ಯಾಪ್ ಹೊತ್ತಿಗೆ ಅಡ್ಡಕ್ಕೆ ಇಲ್ಲವೇ ಹಿಂದಕ್ಕೆ ಹೋಗುತ್ತಿರಬೇಕು, ಮುಂದಕ್ಕಲ್ಲ. ಬೇರೆ ಯಾರಾದರೂ ಆಟ ಶುರುವಾಯಿತೇನೋ ಅನ್ನುವ ಹಾಗೆ ಬೆಚ್ಚಿದರೆ ಸೀಟಿ, ಇಡೀ ತಂಡ ಐದು ಗಜ ಹಿಂದಕ್ಕೆ. ಎದುರಿನವರು ಮಾತ್ರ ತಮ್ಮ ಕಡೆ ಬೇಕಾದಷ್ಟು ಓಡಾಡಬಹುದು, ಗಡಿ ದಾಟದಿದ್ದರೆ ಸಾಕು. ನೂರಮೂವತ್ತು ಕೆಜಿ ಆಳುಗಳು ಡಿಕ್ಕಿ ಹೊಡೆಯಬಹುದಂತೆ, ಹೆಗಲು ಕುಣಿಸಿದರೆ ತಪ್ಪಂತೆ! ನನಗೇನೋ ಈ ಆಟದಲ್ಲಿ ಇದೊಂದೇ ಇಷ್ಟ.

ಹಿಂದೆ ನಿಂತು ಆ ಚೆಂಡು ಪಡೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗಳೂ ಕಮ್ಮಿಯಿಲ್ಲ. ಚೆಂಡು ಕೊಡು ಅಂತ ಸೂಚಿಸುವ ಸ್ನ್ಯಾಪ್ ಕೂಗನ್ನು ಬೇಕಂತಲೇ ಗದರಿಸಿ ಕೂಗುತ್ತಾರೆ. ಎದುರಿನವನು ನಂಬಿ ನುಗ್ಗಿದರೆ ದಂಡ ಅವನಿಗೆ. ಇದರಲ್ಲಿ ಏರನ್ ರಾಜರ್ಸ್ ಎತ್ತಿದ ಕೈ.

ಪ್ರೇಕ್ಷಕರದು ಇನ್ನೊಂದು ಆಟ. ಎದುರಾಳಿ ಕೈಲಿ ಚೆಂಡಿದ್ದಾಗ ಕಿವಿ ಕಿತ್ತುಹೋಗುವಂತೆ ಅರಚುತ್ತಾರೆ, ಅವರಿಗೆ ಕ್ವಾರ್ಟರ್‌ಬ್ಯಾಕ್ ಕೂಗು ಕೇಳಬಾರದಲ್ಲ! 2005ರಲ್ಲಿ ಸಿಯಾಟಲ್‌ಗೆ ಬಂದ ನ್ಯೂಯಾರ್ಕ್ ಜೈಂಟ್ಸ್ ಒಂದೇ ಮ್ಯಾಚಲ್ಲಿ 11 ಫಾಲ್ಸ್ ಸ್ಟಾರ್ಟ್ ಮಾಡಿ ಸೋತರು. ಹನ್ನೊಂದು ಜನರ ತಂಡಕ್ಕೆ ಅಭಿಮಾನಿಗಳೇ ಹನ್ನೆರಡನೆಯವರು ಅಂತ ಅವರ ಗೌರವಕ್ಕೆ ಸೀಹಾಕ್ಸ್ 12ನೇ ನಂಬರಿನ ಜೆರ್ಸಿಯನ್ನು ಆಟಗಾರರಿಗೆ ಕೊಡದೆ 1984ರಲ್ಲೇ ಎತ್ತಿಟ್ಟಿದೆ.

ನಮ್ಮ ಮನೆಯ ಅಭಿಮಾನಿ ಸೋಫಾದಿಂದಲೇ ಅರಚುತ್ತಾರೆ, ಟಿವಿಯೊಳಗಿನವರಿಗೆ ಕೇಳುತ್ತೆ ಅನ್ನುವ ಹಾಗೆ. ಮಾವನವರು ಕಾಫಿ ಲೋಟ ಹಿಡಿದೇ ತೂಕಡಿಸುತ್ತಿದ್ದರು. ಇವರು "ಹೋಓಓ" ಅಂದು ಕೈ ಬೀಸಿದರು. ಕಾಫಿ ಪೂರ್ತಿ ಕಾರ್ಪೆಟ್ ಪಾಲು.

"ನೀವೇ ಅಲ್ಲಾಡಿದ್ದು ಅಣ್ಣ. ಗಲಾಟೆ ಮಾಡೋದು ತಪ್ಪಲ್ಲ" ಅಂದರು ಇವರು, ಒಂದು ಚೂರೂ ನಾಚಿಕೆಯಿಲ್ಲದೆ.

ನಾನು ಸುಮ್ನೆ ಇರಲಾಗಲಿಲ್ಲ. "ಎದುರಿನವನು ಗಡಿ ದಾಟಿ ಬಂದಿದ್ದಕ್ಕೆ ಇವನು ಬೆಚ್ಚಿದರೆ ತಪ್ಪು ಗಡಿ ದಾಟಿದವನದು ಅಂತ ಹೋದ ವಾರ ನೀವೇ ಹೇಳಿದ್ರಲ್ವಾ? ನಿಮ್ಮ ಮೊಣಕೈ ಮಾವನವರ ಕುರ್ಚಿ ಒಳಗಿತ್ತು."

ಇವರು ಬಾಯಿ ತೆರೆದರು, ಮುಚ್ಚಿದರು. ಮಾವನವರಿಗೆ ಖುಷಿಯೋ ಖುಷಿ. "ರೀಪ್ಲೇ ಹಾಕಮ್ಮ, ನೋಡೇಬಿಡಣ" ಅಂದರು. ಬಕೆಟ್ಟು, ಬಟ್ಟೆ ತಂದು ಅವರ ಮಗನ ಮುಂದಿಟ್ಟೆ. ಅವರು ಒರೆಸುತ್ತಿರುವಾಗಲೇ ಸೀಹಾಕ್ಸ್ ಟಚ್‌ಡೌನ್ ಹೊಡೆದರು. ನೋಡಿದ್ದು ನಾವಿಬ್ಬರೇ.